ಭೂತಗಳಿಗೂ ಒಂದು ನಿಯಮ

ಮುಟ್ಟಾಟದಲ್ಲಿ ಓಡಿದರಷ್ಟೇ ಸಾಲದು, ಬೆನ್ನಟ್ಟುವವನ ವರಸೆ ತಿಳಿದಿರಬೇಕು. ಧಾರವಾಡದ ಬಳಿಯ ಮುಗದದ ಮಕ್ಕಳು ಅಂಗಳದಲ್ಲೇ ಕಲಿಯುವ ಈ ಗುಟ್ಟೇ ‘ಪ್ಯಾಕ್-ಮ್ಯಾನ್’ ಆಟದ ಜೀವಾಳ. ಜಪಾನಿನ ನಾಮ್ಕೊ ಕಂಪೆನಿಯ ತೋರು ಇವಾತಾನಿ ಇದನ್ನು 1980ರಲ್ಲಿ ರೂಪಿಸಿದರು.

ಚಕ್ರವ್ಯೂಹದಂಥ ಓಣಿಗಳಲ್ಲಿ 240 ಚುಕ್ಕೆ, 4 ದೊಡ್ಡ ಗುಳಿಗೆ. ಹಳದಿ ಬಾಯಿ ಎಲ್ಲವನ್ನೂ ನುಂಗಿದರೆ ಒಂದು ಹಂತ ಮುಗಿಯಿತು. ಕೆಂಪು ಭೂತ ನೇರ ಅಟ್ಟಿಸಿಕೊಂಡು ಬರುತ್ತದೆ. ಗುಲಾಬಿಯದು ನಾಲ್ಕು ಮನೆ ಮುಂದಕ್ಕೆ ಗುರಿಯಿಟ್ಟು ಅಡ್ಡಗಟ್ಟುತ್ತದೆ. ನೀಲಿಯದು ಕೆಂಪಿನ ಜಾಗ ನೋಡಿ ನಡೆಯುತ್ತದೆ. ಕಿತ್ತಳೆಯದು ಹತ್ತಿರ ಬಂದೊಡನೆ ತನ್ನ ಮೂಲೆಗೆ ತಿರುಗುತ್ತದೆ. ಮೊದಲ ಹಂತಗಳಲ್ಲಿ ದೊಡ್ಡ ಗುಳಿಗೆ ನುಂಗಿದರೆ ಕೆಲ ಕ್ಷಣ ಭೂತಗಳೇ ಓಡಬೇಕು!

ಹೆದರಿ ಓಡುವ ಮಗು ಬೇಗ ಸೋಲುತ್ತದೆ; ಗಮನಿಸುವ ಮಗು ಉಳಿಯುತ್ತದೆ. ಆದ್ದರಿಂದ ತಂದೆ ತಾಯಿ ‘ಎಷ್ಟು ಅಂಕ ಬಂತು?’ ಎನ್ನುವ ಬದಲು ‘ಯಾವ ಭೂತ ಹೇಗೆ ಬರುತ್ತದೆ?’ ಎಂದು ಕೇಳಲಿ. ಪರೀಕ್ಷೆಯ ಭೂತಕ್ಕೂ ಮದ್ದು ಇದೇ.