ಗಗನಚುಕ್ಕಿಗೆ ಹೋಗುವವರು ತಿಳಿಯಬೇಕಾದುದು

ಮುಂಗಾರು ಬಲಿತು ಕಾವೇರಿ ತುಂಬಿ ಹರಿಯುವ ದಿನಗಳು ಬಂದುವೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ವಿದ್ಯಾರ್ಥಿಗಳ ಮನಸ್ಸು ಶಿವನಸಮುದ್ರದತ್ತ ಹರಿಯುತ್ತದೆ. ಅಲ್ಲಿ ನದಿಯು ನಡುಗಡ್ಡೆಯೊಂದನ್ನು ಬಳಸಿ, ಎರಡು ಕವಲಾಗಿ, ಪಶ್ಚಿಮಕ್ಕೆ ಗಗನಚುಕ್ಕಿಯೆಂದೂ ಪೂರ್ವಕ್ಕೆ ಭರಚುಕ್ಕಿಯೆಂದೂ ಹೆಸರು ಪಡೆದು ಧುಮುಕುತ್ತದೆ. ಈ ಪ್ರವಾಸದ ವಿಚಾರದಲ್ಲಿ ನಮ್ಮಲ್ಲಿ ಎರಡು ಪಕ್ಷಗಳುಂಟು. ನೀರಿನ ಸಹವಾಸವೇ ಬೇಡವೆಂದು ಹುಡುಗರನ್ನು ಮನೆಯಲ್ಲಿಯೇ ತಡೆಯುವ ಹಿರಿಯರದು ಒಂದು. ಬೇಲಿ ದಾಟಿ, ಬಂಡೆಯ ಅಂಚಿನಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳದೆ ಹಿಂದಿರುಗದ ತರುಣರದು ಇನ್ನೊಂದು. ಎರಡೂ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಜಲಪಾತಕ್ಕೆ ಹೋಗಲೇಬೇಕು, ಆದರೆ ಲೆಕ್ಕ ಬಲ್ಲವರಾಗಿ ಹೋಗಬೇಕು.

ಹೋಗಲೇಬೇಕೆಂದು ಹೇಳುವುದೇಕೆ? ಶಕ್ತಿಯ ರೂಪಾಂತರವೆಂದು ನಾವು ಪುಸ್ತಕದಲ್ಲಿ ಓದುವ ಪಾಠವು ಅಲ್ಲಿ ಕಣ್ಣೆದುರಿಗೇ ನಡೆಯುತ್ತಿರುತ್ತದೆ. ಗಗನಚುಕ್ಕಿಯ ಎತ್ತರ ಸುಮಾರು ೯೦ ಮೀಟರ್. ಸೆಕೆಂಡಿಗೆ ಕೇವಲ ಒಂದು ಘನಮೀಟರ್ ನೀರು ಅಷ್ಟೆತ್ತರದಿಂದ ಬಿದ್ದರೂ ಅದು ಕಳೆದುಕೊಳ್ಳುವ ಸ್ಥಿತಿಶಕ್ತಿ ಸೆಕೆಂಡಿಗೆ ಸುಮಾರು ೮೮೦ ಕಿಲೋಜೂಲ್, ಅಂದರೆ ೮೮೦ ಕಿಲೋವಾಟ್ ಸಾಮರ್ಥ್ಯ. ಈ ಗುಣಾಕಾರದ ಬೆಲೆಯನ್ನರಿತವರು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿಯೇ ಇಲ್ಲಿ ವಿದ್ಯುತ್ ಯೋಜನೆಯನ್ನು ಕೈಗೊಂಡರು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ೧೪೭ ಕಿಲೋಮೀಟರ್ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು.

ಯಂತ್ರಕ್ಕೆ ಸಿಕ್ಕದೆ ಬೀಳುವ ನೀರಿನ ಶಕ್ತಿ ಎಲ್ಲಿ ಹೋಯಿತು? ಬಹುಪಾಲು ಉಷ್ಣವಾಗುತ್ತದೆ. ಇದನ್ನು ಅಳೆಯುವ ಆಸೆಯಿಂದ ೧೮೪೭ರಲ್ಲಿ ಜೂಲ್ ಮಹಾಶಯನು ಆಲ್ಪ್ಸ್ ಪರ್ವತಗಳ ಸೀಮೆಯಲ್ಲಿ ಉಷ್ಣಮಾಪಕವನ್ನು ಹಿಡಿದು ಜಲಪಾತದ ಬಳಿ ಹೋಗಿದ್ದನೆಂದು ಅವನ ಮಿತ್ರ ವಿಲಿಯಂ ಥಾಮ್ಸನ್ ನೆನಪಿಸಿಕೊಂಡಿದ್ದಾನೆ. ನೀರು ತುಂತುರಾಗಿ ಚೆದುರುತ್ತಿದ್ದುದರಿಂದ ಅಳತೆ ಕೈಗೂಡಲಿಲ್ಲ. ಗಗನಚುಕ್ಕಿಯ ಲೆಕ್ಕ ಹಾಕಿದರೆ ಉಷ್ಣತೆಯ ಏರಿಕೆ ಒಂದು ಡಿಗ್ರಿಯ ಐದನೆಯ ಒಂದು ಭಾಗ ಮಾತ್ರ. ತುಂತುರು ಆವಿಯಾಗುವಾಗ ಆಗುವ ತಂಪು ಅದನ್ನೂ ಮರೆಮಾಡಬಲ್ಲದು.

ಇಂತಹ ಅಧ್ಯಯನಕ್ಕೆ ನೀರಿಗಿಳಿಯಬೇಕಾದುದೇ ಇಲ್ಲ. ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಲ್ಲಿ ನಿಂತು, ಒಂದು ಕೋನಮಾಪಕ, ಒಂದು ದಾರ, ಒಂದು ಅಳತೆಪಟ್ಟಿ ಇವಿಷ್ಟರಿಂದ, ಎರಡು ಬಿಂದುಗಳಿಂದ ಕೋನಗಳನ್ನು ಅಳೆದು, ಜಲಪಾತದ ದೂರವನ್ನೂ ಎತ್ತರವನ್ನೂ ಪ್ರೌಢಶಾಲೆಯ ತ್ರಿಕೋನಮಿತಿಯಿಂದಲೇ ಕಂಡುಹಿಡಿಯಬಹುದು. ಸೂರ್ಯನು ಬೆನ್ನ ಹಿಂದೆ ಇರುವ ಹೊತ್ತಿನಲ್ಲಿ ತುಂತುರಿನ ಮೇಲೆ ಕಾಮನಬಿಲ್ಲು ಮೂಡಿದರೆ, ನಮ್ಮ ತಲೆಯ ನೆರಳಿನ ದಿಕ್ಕಿನಿಂದ ಅದು ಸುಮಾರು ೪೨ ಡಿಗ್ರಿ ದೂರದಲ್ಲಿರುವುದನ್ನು ಪರೀಕ್ಷಿಸಬಹುದು.

ಇನ್ನು ನೀರಿಗಿಳಿಯುವ ಧೈರ್ಯಶಾಲಿಗಳ ಲೆಕ್ಕವನ್ನು ನೋಡೋಣ. ಐವತ್ತು ಕಿಲೋಗ್ರಾಂ ತೂಕದ ಹುಡುಗನೊಬ್ಬನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾನೆನ್ನಿ. ಅವನ ಎರಡು ಕಾಲುಗಳು ಹರಿವಿಗೆ ಒಡ್ಡುವ ವಿಸ್ತೀರ್ಣ ಹೆಚ್ಚುಕಡಮೆ ಒಂದು ಚದರ ಮೀಟರಿನ ಹತ್ತನೆಯ ಒಂದು ಭಾಗ. ನೀರಿನ ವೇಗ ಸೆಕೆಂಡಿಗೆ ೧ ಮೀಟರ್ ಆದರೆ ನೂಕುವ ಬಲ ಸುಮಾರು ೫ ಕಿಲೋಗ್ರಾಂ ತೂಕದಷ್ಟು. ೨ ಮೀಟರ್ ಆದರೆ ೨೦. ೩ ಮೀಟರ್ ಆದರೆ ೪೫. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ಅವನನ್ನು ಹಿಡಿದು ನಿಲ್ಲಿಸುವುದು ಪಾದಕ್ಕೂ ಬಂಡೆಗೂ ನಡುವಣ ಘರ್ಷಣೆಯೊಂದೇ. ಪಾಚಿಗಟ್ಟಿದ ಬಂಡೆಯ ಮೇಲೆ ಘರ್ಷಣಾಂಕವನ್ನು ೦.೨ ಎಂದು ಹಿಡಿದರೆ ಆ ಬಲ ಕೇವಲ ೧೦ ಕಿಲೋಗ್ರಾಂ ತೂಕದಷ್ಟು. ಅಂದಮೇಲೆ ನೀರಿನ ವೇಗ ಸೆಕೆಂಡಿಗೆ ೧.೪ ಮೀಟರ್ ತಲುಪುತ್ತಲೇ ಅವನ ಕಾಲು ಜಾರುತ್ತದೆ. ಈ ವೇಗವಾದರೂ ಎಷ್ಟು? ಗಂಟೆಗೆ ಐದು ಕಿಲೋಮೀಟರ್, ನಾವು ಕಾಲೇಜಿಗೆ ನಡೆದು ಹೋಗುವ ವೇಗ! ಈಜು ಬಲ್ಲೆನೆಂಬ ಭರವಸೆಯೂ ಜಲಪಾತದ ಬುಡದಲ್ಲಿ ನಿಲ್ಲದು. ಅಲ್ಲಿಯ ಬಿಳಿ ನೊರೆಯಲ್ಲಿ ಐದನೆಯ ಒಂದು ಪಾಲು ಗಾಳಿಯಿದ್ದರೆ ಅದರ ಸಾಂದ್ರತೆ ನಿರ್ಮಲ ನೀರಿನ ನೂರಕ್ಕೆ ೮೦ರಷ್ಟಾಗುತ್ತದೆ. ಮನುಷ್ಯದೇಹದ ಸಾಂದ್ರತೆಯಾದರೋ ನೀರಿನದಕ್ಕೆ ಬಹು ಸಮೀಪ. ಆರ್ಕಿಮಿಡೀಸನ ನಿಯಮದಂತೆ ಅಂತಹ ನೊರೆಯು ದೇಹವನ್ನು ತೇಲಿಸಲಾರದು.

ಇನ್ನೊಂದು ಮಾತನ್ನೂ ಮರೆಯಲಾಗದು. ಶಿವನಸಮುದ್ರಕ್ಕೆ ಬರುವ ನೀರು ಮೇಲಿನ ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳಿಂದ ಬಿಡುವ ನೀರನ್ನು ಅವಲಂಬಿಸಿದೆ. ತಲೆಯ ಮೇಲೆ ಬಿಸಿಲಿರುವಾಗಲೂ ಹೊಳೆ ಏರಬಹುದು. ಮಳವಳ್ಳಿಯ ಆಕಾಶವನ್ನು ನೋಡಿ ಕಾವೇರಿಯನ್ನು ಅಳೆಯುವುದು ತಪ್ಪು. ಮುತ್ತತ್ತಿಯ ಕಡೆಯ ಕಾಡಿನಲ್ಲಿ ನಡೆದು ಹೋಗಬಯಸುವವರು ಅದು ೧೯೮೭ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮವೆಂಬುದನ್ನು ನೆನೆದು, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು.

ಅಪಾಯವೆಂಬ ಫಲಕವನ್ನು ನೆಟ್ಟಮಾತ್ರಕ್ಕೆ ನಮ್ಮ ಹೊಣೆ ತೀರುವುದಿಲ್ಲ. ತಡೆಯುವ ಮಾತು ಯುವಕನಿಗೆ ಸವಾಲಾಗಿ ತೋರುವುದುಂಟು. ತಾನೇ ಮಾಡಿದ ಲೆಕ್ಕ ಹಾಗಲ್ಲ. ಆದುದರಿಂದ ಭೌತಶಾಸ್ತ್ರವನ್ನು ಬೋಧಿಸುವ ನಾವು ಪ್ರವಾಸದ ಹಿಂದಿನ ದಿನ ಈ ಅಂಕಿಗಳನ್ನು ವಿದ್ಯಾರ್ಥಿಗಳಿಂದಲೇ ಕರಿಹಲಗೆಯ ಮೇಲೆ ಬರೆಯಿಸಬೇಕು. ಮರುದಿನ ಅವರನ್ನು ನಾವೇ ಕರೆದೊಯ್ಯಬೇಕು. ತಂದೆತಾಯಿಗಳು ಭಯದಿಂದ ತಡೆಯದೆ ಕಳುಹಿಸಿಕೊಡಬೇಕು. ಬೇಲಿಯ ಈಚೆ ನಿಂತು ಅಳೆಯುವವನಿಗೆ ಜಲಪಾತ ಕೊಡುವ ಸಂತೋಷ, ಬೇಲಿ ದಾಟಿದವನಿಗೆ ಸಿಕ್ಕುವುದಕ್ಕಿಂತ ಕಡಮೆಯದಲ್ಲ. ಅವನು ಮನೆಗೂ ಹಿಂದಿರುಗುತ್ತಾನೆ.