ಗುರುತು ಹಿಡಿಯೋಕೆ ಗುದ್ದಲಿ ಯಾಕೆ?

ಕಾಡಲ್ಲಿ ಅಂದದ ಹೂ ಕಂಡರೆ ಬುಡಸಮೇತ ಕಿತ್ತು ತಂದು, ಸಂತೆಬಾಚಹಳ್ಳಿ ಬಸ್ಸಿನಲ್ಲಿ "ಇದ್ಯಾವ ಗಿಡ?" ಅಂತ ಪಕ್ಕದವರನ್ನು ಕೇಳೋರಿದ್ದಾರೆ. ಹೆಸರು ತಿಳಿಯೋ ಹೊತ್ತಿಗೆ ಗಿಡ ಬಾಡಿರುತ್ತೆ. ಇದೆಂಥ ಗುರುತು ಸ್ವಾಮಿ?

ಮಲೆನಾಡಿನ ಸೀತಾಳೆ ದಂಡೆ ಮರದ ಮೇಲಿನ ಆರ್ಕಿಡ್. ಅದರ ದಾಯಾದಿಗಳು ನೆಲದಲ್ಲೂ ಇವೆ. ಹಬೆನೇರಿಯಾ ಬೇಸಿಗೆಯಲ್ಲಿ ಗಡ್ಡೆಯಾಗಿ ಮಲಗಿದ್ದು ಮಳೆಗಾಲಕ್ಕೆ ಏಳುತ್ತೆ. ಹೂವಿನ ಒಂದು ದಳ ತುಟಿಯಂತೆ ಚಾಚಿರುತ್ತೆ, ಹಿಂದೆ ಬಾಲದಂಥ ಮಕರಂದದ ಕೊಳವೆ. ತುಟಿಯ ಸೀಳು, ಕೊಳವೆಯ ಉದ್ದ ನೋಡಿ ಜಾತಿ ಹೇಳಬೇಕು. ಗಡ್ಡೆ ನೋಡಿ ಅಲ್ಲ. ನರ್ವೀಲಿಯಾ ಇನ್ನೂ ಕಿಲಾಡಿ: ಮೊದಲು ಹೂ, ಅದು ಬಾಡಿದ ಮೇಲೆ ಒಂದೇ ಒಂದು ಎಲೆ. ಎರಡು ಸಲ ಹೋಗಿ ನೋಡಬೇಕು.

ಇವುಗಳ ಬೀಜ ಧೂಳಿನಷ್ಟು ಸಣ್ಣದು, ಮಣ್ಣಿನ ಶಿಲೀಂಧ್ರದ ನೆರವಿಲ್ಲದೆ ಕಾಡಲ್ಲಿ ಮೊಳೆಯದು. ಕಿತ್ತರೆ ಮತ್ತೆ ಹುಟ್ಟೋದು ಸುಲಭವಲ್ಲ. ಮೇಲುಕೋಟೆ ಕಾಡು 1974ರಿಂದ ವನ್ಯಧಾಮ. ಅಲ್ಲಿ ಕೀಳೋದು ಅಪರಾಧವೂ ಹೌದು.

ಪಕ್ಕದ ಹಾಸನ ಜಿಲ್ಲೆಯ ಗಿಡಗಳಿಗೆ ಸಲ್ಡಾನಾ, ನಿಕಲ್ಸನ್ 1976ರಲ್ಲೇ ದೊಡ್ಡ ಗ್ರಂಥ ತಂದರು. ನಮ್ಮ ತಾಲ್ಲೂಕಿನ ಶಾಲೆಗಳಲ್ಲಿ ಒಂದು ಪಟ್ಟಿಯಾದರೂ ಬೇಡವೇ? ಜೇಬಲ್ಲಿ ಮೊಬೈಲ್ ಇದೆಯಲ್ಲ. ಹೂವಿನ ಮುಂದಿಂದೊಂದು, ಪಕ್ಕದಿಂದೊಂದು, ಎಲೆಯದೊಂದು ಫೋಟೊ ತೆಗೆದು ಸಸ್ಯಶಾಸ್ತ್ರದ ಮೇಷ್ಟ್ರಿಗೆ ತೋರಿಸಿ. ಗುದ್ದಲಿ ಹೊಲಕ್ಕಿರಲಿ.