ಗೋಡೆ ನಿಂತಿದೆ, ಮಾಡು ಹೋಗಿದೆ

ಹಂಚಿನ ಮನೆಯ ಮಾಡು ಬದಲಿಸಲು ಎಷ್ಟಾದೀತು ಎಂದು ಕೇಳಿದರೆ ಕರಾವಳಿಯ ಅನುಭವಸ್ಥ ಬಡಗಿ ತಕ್ಷಣ ಉತ್ತರ ಕೊಡುವುದಿಲ್ಲ. ಏಣಿ ಹಾಕಿ ಹತ್ತಿ, ಸೂರಿನ ಬದಿಯ ಒಂದೆರಡು ಸಾಲು ಹಂಚು ಸರಿಸಿ, ಪಕ್ಕಾಸು ಗೋಡೆಯ ಮೇಲೆ ಕೂತ ಜಾಗಕ್ಕೆ ಉಳಿಯಿಂದ ಚುಚ್ಚಿ ನೋಡುತ್ತಾನೆ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಮರದೊಳಕ್ಕೆ ಉಳಿ ಸಲೀಸಾಗಿ ಇಳಿದರೆ ಗೆದ್ದಲು ಅಷ್ಟರಲ್ಲೇ ಕೆಲಸ ಮುಗಿಸಿದೆ ಎಂದರ್ಥ. ಮನೆಯವರು ಹಾಕಿಕೊಂಡಿದ್ದ ಅಂದಾಜೂ ಅಲ್ಲಿಗೆ ಮುಗಿಯಿತು.

ಯಾಕೆಂದರೆ ಮಾಡಿನ ಖರ್ಚು ಹಂಚಿನಲ್ಲಿಲ್ಲ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಇಸವಿಯ ಮುದ್ರೆ ಹೊತ್ತ ಹಂಚುಗಳು ಹಳೆಯ ಮನೆಗಳಲ್ಲಿ ಈಗಲೂ ನೀರು ತಡೆಯುತ್ತಿವೆ. ಕೈಕೊಡುವುದು ಅಡಿಯಲ್ಲಿರುವ ಪಕ್ಕಾಸು, ರೀಪು, ಜಂತಿ. ಹಿಂದೆ ತೋಟದ ಹಲಸು, ಅಡಿಕೆ ದಬ್ಬೆ ಇದಕ್ಕೆ ಒದಗುತ್ತಿದ್ದವು. ಈಗ ಮರವನ್ನೂ ದುಡ್ಡು ಕೊಟ್ಟೇ ತರಬೇಕು, ಇಲ್ಲವೇ ಕಬ್ಬಿಣದ ಪೈಪಿಗೆ ಹೋಗಬೇಕು.

ಕೂಲಿಯ ಮಾತು ಬೇರೆಯೇ. ಸಾವಿರ ಚದರಡಿಯ ಮಾಡಿಗೆ ಹೆಚ್ಚುಕಡಿಮೆ 1,500 ಹಂಚು ಬೇಕು. ಒಂದೊಂದು ಎರಡೂವರೆ ಕಿಲೋ ಎಂದಿಟ್ಟುಕೊಂಡರೂ ಮೂರೂಮುಕ್ಕಾಲು ಟನ್. ಅಷ್ಟನ್ನೂ ಕೈಯಿಂದ ಕೈಗೆ ದಾಟಿಸುತ್ತಾ ಇಳಿಸಬೇಕು, ಪಾಚಿ ಉಜ್ಜಬೇಕು, ಒಡೆದದ್ದನ್ನು ಆಯ್ದು ತೆಗೆದು ಮತ್ತೆ ಏರಿಸಬೇಕು. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿ ಕೊಡುವವರೇ ಸಿಗದಿರುವಾಗ ಇಡೀ ಮಾಡು ಬಿಚ್ಚಿ ಕಟ್ಟುವ ಆಳುಗಳು ಎಲ್ಲಿಂದ ಬರಬೇಕು? ಮಂಗಗಳ ಕಾಟ ಬೇರೆ. ಹೀಗಾಗಿ ಜನ ತಗಡಿನ ಶೀಟಿಗೆ ಹೋಗುತ್ತಾರೆ. ಬೇಸಿಗೆಯಲ್ಲಿ ಅದು ಕಾಯುತ್ತದೆ, ಮಳೆ ಹೊಡೆದರೆ ಒಳಗೆ ಮಾತು ಕೇಳಿಸುವುದಿಲ್ಲ. ಊರಿನ ಚೆಂದ ಹಾಳಾಯಿತು ಎಂದು ಪೇಟೆಯಲ್ಲಿ ಕೂತು ಮರುಗುವವರು ಒಮ್ಮೆ ಆ ಕೂಲಿಯ ಲೆಕ್ಕ ನೋಡಲಿ.

ಸರ್ಕಾರದ ಲೆಕ್ಕ ಮಾತ್ರ ಇದ್ಯಾವುದನ್ನೂ ನೋಡುವುದಿಲ್ಲ. ವಿಪತ್ತು ಪರಿಹಾರ ನಿಧಿಗೆ ಕೇಂದ್ರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಪೂರ್ತಿ ಹಾನಿಯಾದ ಮನೆಗೆ ಬಯಲು ಪ್ರದೇಶದಲ್ಲಿ ₹1.20 ಲಕ್ಷ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ ₹6,500, ಕಚ್ಚಾ ಮನೆಗೆ ₹4,000. ಅದೂ ಕನಿಷ್ಠ ಶೇ 15ರಷ್ಟು ಹಾನಿಯಾಗಿದ್ದರೆ. ಜೂನ್‌ನ ಗಾಳಿಗೆ ಮಾಡು ಹಾರಿ, ನಾಲ್ಕು ಗೋಡೆ ನಿಂತಿದ್ದರೆ ಆ ಮನೆ ಸುಲಭವಾಗಿ ‘ಭಾಗಶಃ’ ಪಟ್ಟಿಗೆ ಬೀಳುತ್ತದೆ. ₹6,500ನ್ನು 1,500 ಹಂಚಿಗೆ ಹಂಚಿದರೆ ಒಂದಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. ಆ ದುಡ್ಡಿಗೆ ಹೊಸ ಹಂಚು ಬರುವುದಿಲ್ಲ. ಮರ, ಕೂಲಿ ಹಾಗಿರಲಿ.

ಮಣ್ಣಿನ ಗೋಡೆಯ ಮನೆಗಾದರೆ ಈ ವಿಂಗಡಣೆಯೇ ಅಸಂಬದ್ಧ. ಮೇಲೆ ಮಾಡಿಲ್ಲದ ಮಣ್ಣಿನ ಗೋಡೆ ಆಷಾಢದ ಮಳೆಗೆ ನಾಲ್ಕು ದಿನ ತಡೆದೀತೇ? ಇಂದು ಭಾಗಶಃ ಎಂದು ಬರೆದುಕೊಂಡ ಹಾನಿ ಮುಂದಿನ ವಾರ ಪೂರ್ಣವಾಗಿರುತ್ತದೆ, ಅಷ್ಟರಲ್ಲಿ ಪಂಚನಾಮೆ ಮುಗಿದಿರುತ್ತದೆ.

ಆದಾಯ ತೆರಿಗೆಯ ಕಣ್ಣಿಗೂ ಮಾಡೆಂದರೆ ಬರೀ ರಿಪೇರಿ. ಹಳೆಯ ತೆರಿಗೆ ಪದ್ಧತಿಯಲ್ಲಿ ವಾಸದ ಮನೆ ಕಟ್ಟಲು ಮಾಡಿದ ಸಾಲದ ಬಡ್ಡಿಗೆ ವರ್ಷಕ್ಕೆ ₹2 ಲಕ್ಷದವರೆಗೆ ವಿನಾಯಿತಿ ಇದ್ದರೆ, ರಿಪೇರಿ ಸಾಲದ ಬಡ್ಡಿಗೆ ಸಿಗುವುದು ₹30,000ದವರೆಗೆ ಮಾತ್ರ.

ಮಾರ್ಗಸೂಚಿ ಮೀರಿ ಕೊಡಲು ರಾಜ್ಯಕ್ಕೆ ಅಡ್ಡಿಯೇನಿಲ್ಲ. 2019ರ ನೆರೆಯ ನಂತರ ಪೂರ್ತಿ ಬಿದ್ದ ಮನೆಗಳಿಗೆ ₹5 ಲಕ್ಷ ಘೋಷಿಸಿದ್ದು ಇದೇ ಕರ್ನಾಟಕ. ಹಾನಿಯ ಪಟ್ಟಿಯಲ್ಲಿ ಮಾಡಿಗೆ ಪ್ರತ್ಯೇಕ ಕಾಲಂ ಇರಲಿ, ಪರಿಹಾರವನ್ನು ಮಾಡಿನ ಚದರಡಿಯ ಮೇಲೆ ಲೆಕ್ಕ ಹಾಕಲಿ. ದುಡ್ಡನ್ನು ಎರಡು ಕಂತಿನಲ್ಲಿ ಕೊಡಬಹುದು: ಟಾರ್ಪಾಲಿಗೂ ತುರ್ತು ಶೀಟಿಗೂ ಆ ವಾರವೇ ಒಂದಿಷ್ಟು, ಮರದ ಕೆಲಸದ ಪಾಲು ದೀಪಾವಳಿಯ ಹೊತ್ತಿಗೆ. ಮಳೆ ನಿಂತು ಬಡಗಿ ಕೈಗೆ ಸಿಗುವುದೂ ಆಗಲೇ.